ಹೊನ್ನೇಕೊಪ್ಪಲಿನ ದೊಣ್ಣೆನಾಯ್ಕಿ

ದೊಣ್ಣೆನಾಯ್ಕ ಅನ್ನುವ ಮಾತನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಕೂಸು ತೊಟ್ಟಿಲಲ್ಲಿರುವಾಗಲೇ ಅದು ಕಿವಿಗೆ ಬಿದ್ದಿರುತ್ತದೆ. ಗದ್ದೆ ದಾರಿಗೆ ಮುಳ್ಳು ಹಾಕಿದವನಿಗೆ ‘ನೀನ್ಯಾವ ದೊಣ್ಣೆನಾಯ್ಕಲಾ ದಾರಿ ಕಟ್ಟಾಕೆ?’ ಅನ್ನುತ್ತಾರೆ. ಅತ್ತಿಗೆಯ ಸೀರೆ ಉಟ್ಟುಕೊಂಡು ಸಂತೇಬಾಚಹಳ್ಳಿ ಸಂತೆಗೆ ಹೊರಟ ನಾದಿನಿ ‘ಇದ್ಕೂ ಯಾವ ದೊಣ್ಣೆನಾಯ್ಕನ ಅಪ್ಪಣೆ ಬೇಕು?’ ಅನ್ನುತ್ತಾಳೆ. ಹೊಸಿಲ ಮೇಲೆ ಅಡ್ಡ ಮಲಗಿದ ನಾಯಿಗೂ ಅದೇ ಹೆಸರು, ಬಸ್ಸಿನ ಬಾಗಿಲು ಬಿಡದೆ ನಿಂತ ಕಂಡಕ್ಟರಿಗೂ ಅದೇ ಹೆಸರು. ಓದಿಕೊಂಡವರು ಇದು ಹಳೇ ಅರಸರ ದಂಡನಾಯಕನ ಹೆಸರು, ಬಾಯಿಂದ ಬಾಯಿಗೆ ಬರುತ್ತ ಹಿಂಗಾಯಿತು ಅನ್ನುತ್ತಾರೆ. ಇರಬಹುದು. ದಂಡು ಹೋಯಿತು, ಅರಸರು ಹೋದರು, ದೊಣ್ಣೆಯೊಂದು ಉಳಿಯಿತು. ಆದರೆ ಒಂದು ನೋಡಿ. ಎದುರಿಗಿರುವವರಿಗೆ ಈ ಮಾತನ್ನು ಎಸೆಯುತ್ತಾರೆಯೇ ಹೊರತು, ನಾನೇ ದೊಣ್ಣೆನಾಯ್ಕ ಅಂತ ಎದೆ ತಟ್ಟಿಕೊಂಡು ಹೇಳಿದವರು ಈ ಸೀಮೆಯಲ್ಲಿ ಇಲ್ಲ.

ಶೀಳನೆರೆ ಹೋಬಳಿಯ ಹೊನ್ನೇಕೊಪ್ಪಲಿನಲ್ಲಿ ಆ ಮಾತು ಒಬ್ಬ ಹೆಂಗಸಿಗೆ ಅಂಟಿಕೊಂಡಿತ್ತು. ಅವಳ ಹೆಸರು ಚೆಲುವಮ್ಮ. ಊರಿನ ಹೆಂಗಸರ ಹಾಲಿನ ಡೈರಿಯಲ್ಲಿ ಹಾಲು ನೋಡುವವಳು. ಹಿಂದಿನಿಂದ ದೊಣ್ಣೆನಾಯ್ಕಿ ಅನ್ನುತ್ತಿದ್ದರು, ಕೆಲವರು ಮುಂದಿನಿಂದಲೂ ಅನ್ನುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ. ಕಿವಿ ಮಾತ್ರ ಕೆಂಪಗಾಗುತ್ತಿತ್ತು.

ಚೆಲುವಮ್ಮ ಹುಟ್ಟಿದ್ದು ಅರಕೆರೆಯಲ್ಲಿ. ಎತ್ತ ನೋಡಿದರೂ ನಾಲೆ ನೀರು, ಭತ್ತ, ಕಬ್ಬು. ಅವಳ ಅಜ್ಜಿ ಹೊಳೆದಂಡೆಯ ಒಂದು ಕತೆ ಹೇಳುತ್ತಿದ್ದಳು. ಹೊಳೆ ದಾಟುವ ಜಾಗದಲ್ಲಿ ಅರಸ ಒಬ್ಬ ದೊಣ್ಣೆನಾಯ್ಕನನ್ನು ನಿಲ್ಲಿಸಿದ. ‘ನಿನ್ನ ಅಪ್ಪಣೆ ಇಲ್ಲದೆ ಇರುವೆಯೂ ದಾಟಬಾರದು’ ಅಂದ. ಅವನು ಹಂಗೇ ನಿಂತ. ಮದುವೆ ದಿಬ್ಬಣ ಬಂದರೂ ತಡೆದ, ಹೆಣ ಬಂದರೂ ತಡೆದ, ವಿಚಾರಿಸಿಯೇ ದಾಟಲು ಬಿಟ್ಟ. ಕಾಲ ಕಳೆಯಿತು, ಅರಸ ಸತ್ತ. ಒಂದು ದಿನ ಆಚೆ ದಡದಿಂದ ಸುದ್ದಿ ಬಂತು, ‘ನಿನ್ನ ತಂಗಿ ಮದುವೆ ಕಣಪ್ಪ, ಬಾ.’ ದೊಣ್ಣೆನಾಯ್ಕ ಒಂದು ಕಾಲು ನೀರಿಗಿಟ್ಟ. ಆಮೇಲೆ ನೆನಪಾಯಿತು, ಅಪ್ಪಣೆ ಇಲ್ಲದೆ ಯಾರೂ ದಾಟುವ ಹಂಗಿಲ್ಲ. ತಾನು ಯಾರನ್ನು ಕೇಳುವುದು?

“ಅಲ್ಲೇ ನಿಂತವ್ನೆ ಕಣವ್ವ ಈಗ್ಲೂ. ಒಂದು ಕಾಲು ನೀರಲ್ಲಿ, ಒಂದು ಕಾಲು ಮಳಲಲ್ಲಿ” ಅಂತ ಅಜ್ಜಿ ಮುಗಿಸುತ್ತಿದ್ದಳು.

“ಯಾರಾದ್ರೂ ‘ಹೋಗಪ್ಪ’ ಅನ್ಬಾರ್ದಾ ಅಜ್ಜಿ?”

“ಅನ್ನೋರು ಯಾರವ್ವ? ಅಲ್ಲಿದ್ದೋರೆಲ್ಲ ಅವನ ಮುಂದೆ ಕೈ ಕಟ್ಟಿ ನಿಂತೋರೇ!”

ಚೆಲುವಮ್ಮ ನಗುತ್ತಿದ್ದಳು. ಪಕ್ಕದಲ್ಲಿ ಕೂತ ತಂಗಿ ಬೈರಮ್ಮ ಅಳುತ್ತಿದ್ದಳು.

ಹದಿನೇಳಕ್ಕೆ ಮದುವೆಯಾಗಿ ಹೊನ್ನೇಕೊಪ್ಪಲಿಗೆ ಬಂದಳು. ಗಂಡ ಸಿದ್ದರಾಜು ಒಳ್ಳೆಯವನು, ಜೋರಾಗಿ ಕೆಮ್ಮಿದರೆ ಎಲ್ಲಿ ಯಾರಿಗೆ ಬೇಜಾರಾಗುತ್ತದೋ ಅನ್ನುವ ಜಾತಿ. ಮಾವ ಕರಿಯಯ್ಯ ಹಂಗಲ್ಲ. ಜಗಲಿಯಿಂದ ಏಳದೆ ಇಡೀ ಮನೆ ನಡೆಸುತ್ತಿದ್ದ. ಬಾವಿಗೆ ಹೋಗಲೂ ಸೊಸೆಯಂದಿರು ಕೇಳಿ ಹೋಗಬೇಕು. ಬಂದ ಮೊದಲ ವಾರವೇ ಚೆಲುವಮ್ಮ ಅಡಿಗೆಮನೆಯಲ್ಲಿ ‘ನೀರು ಸೇದಾಕೂ ಯಾವ ದೊಣ್ಣೆನಾಯ್ಕನ ಅಪ್ಪಣೆ?’ ಅಂದುಬಿಟ್ಟಳು. ಮುದುಕನ ಕಿವಿ ಚುರುಕು. ಆತ ಬೈಯಲಿಲ್ಲ, ಹೊಡೆಯಲಿಲ್ಲ. ‘ತವರಿಗೆ ಹೋಗ್ಬೇಕಾದಾಗ ಆ ದೊಣ್ಣೆನಾಯ್ಕನ್ನೇ ಕೇಳವ್ವ’ ಅಂದ, ಅಷ್ಟೆ. ಆಮೇಲೆ ಅವಳು ಅರಕೆರೆ ಕಂಡದ್ದು ಮೂರು ವರ್ಷಕ್ಕೊಮ್ಮೆ, ನಾಲ್ಕು ವರ್ಷಕ್ಕೊಮ್ಮೆ.

ಮಕ್ಕಳಾಗಲಿಲ್ಲ. ಅರಕೆರೆಯಲ್ಲೇ ಕೊಟ್ಟಿದ್ದ ಬೈರಮ್ಮನಿಗೆ ಎರಡನೇದೂ ಹೆಣ್ಣೇ ಹುಟ್ಟಿತು. ಅದು ಎರಡು ವರ್ಷದ್ದಾದಾಗ ‘ಅಕ್ಕ, ನೀನೇ ಸಾಕ್ಕೋ’ ಅಂತ ತಂದು ಮಡಿಲಿಗೆ ಹಾಕಿದಳು. ಅವಳೇ ರಂಜಿತ. ಹತ್ತು ವರ್ಷ ಹೊನ್ನೇಕೊಪ್ಪಲಿನ ಮನೆಯಲ್ಲಿ ಅದೊಂದೇ ಸದ್ದು. ಕೊಟ್ಟಿಗೆಯಲ್ಲಿ ಚೆಲುವಮ್ಮ ಹಾಲು ಕರೆಯುವಾಗ ಹುಡುಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಯಿ ತೆರೆಯುತ್ತಿತ್ತು. ನೇರ ಕೆಚ್ಚಲಿಂದ ಬಾಯಿಗೆ ಒಂದು ಧಾರೆ. ಒಂದು ಸಲ ಊರಿನ ಮದುವೆಯಲ್ಲಿ ಗಂಡು ಹೆಣ್ಣಿನ ಕೈ ಮೇಲೆ ಬಂಧುಗಳೆಲ್ಲ ಸಾಲಾಗಿ ಬಂದು ಹಾಲು ಹುಯ್ಯುವುದನ್ನು ನೋಡಿ ಬಂದ ಹುಡುಗಿ, “ದೊಡ್ಡವ್ವ, ನನ್ನ ಧಾರೆಗೆ ನಮ್ಮ ಹಸಿನ ಹಾಲೇ ತರ್ಬೇಕು, ನೀನೇ ಹುಯ್ಬೇಕು” ಅಂದಿತು. “ಊಂ ಕಣವ್ವ” ಅಂದಳು ಚೆಲುವಮ್ಮ. ಅದೇನು ದೊಡ್ಡ ಮಾತು ಅಂದುಕೊಂಡಳು.

ಹನ್ನೆರಡಕ್ಕೆ ಮೈನೆರೆಯುವ ಹೊತ್ತು ಬಂತೆಂದು ಬೈರಮ್ಮ ಬಂದು ಮಗಳನ್ನು ಕರೆದುಕೊಂಡು ಹೋದಳು. ಮನೆ ಮತ್ತೆ ಸದ್ದಿಲ್ಲದ್ದಾಯಿತು. ಮಾವ ಆ ಹೊತ್ತಿಗೆ ತೀರಿಹೋಗಿದ್ದ. ಈಗ ತವರಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಅದೇ ವರ್ಷ, ತೊಂಬತ್ತರಲ್ಲಿ, ಊರಿಗೆ ಹೆಂಗಸರ ಡೈರಿ ಬಂತು.

ಅಧ್ಯಕ್ಷೆ ಜಯಲಕ್ಷ್ಮಮ್ಮ ಹಳೇ ಗೌಡರ ಮನೆಯ ಸೊಸೆ, ಮೆತ್ತಗಿನ ಮಾತಿನವಳು. “ಚೆಲುವಕ್ಕ, ನಿಂಗೆ ಮಕ್ಳಿಲ್ಲ ಮರಿಯಿಲ್ಲ, ನೀನೇ ಹಾಲು ನೋಡು” ಅಂದಳು. ಆ ಮಾತು ಚುಚ್ಚಿದರೂ ಚೆಲುವಮ್ಮ ಒಪ್ಪಿದಳು. ಮೂರು ದಿನದ ತರಬೇತಿಗೆ ಹೋಗಿ ಬಂದಳು. ಗಾಜಿನ ಉದ್ದ ಲೋಟಕ್ಕೆ ಹಾಲು ಹಾಕಿ, ಬುಡಕ್ಕೆ ಸೀಸ ತುಂಬಿದ ಗಾಜಿನ ಕಡ್ಡಿ ಬಿಡಬೇಕು. ಹಾಲು ಗಟ್ಟಿಯಿದ್ದರೆ ಕಡ್ಡಿ ತೇಲುತ್ತದೆ, ನೀರಿದ್ದರೆ ಮುಳುಗುತ್ತದೆ. ಇಪ್ಪತ್ತಾರರ ಗೆರೆಗಿಂತ ಕೆಳಗಿಳಿದರೆ ಆ ಹಾಲು ವಾಪಸು.

ಕೆಲಸ ಕೈಗೆ ಬಂದದ್ದೇ ಚೆಲುವಮ್ಮ ಬೇರೆ ಮನುಷ್ಯಳಾದಳು. ಸಾಲು ಬಿಟ್ಟು ಬರುವ ಹಂಗಿಲ್ಲ. ತೊಳೆಯದ ಚೊಂಬು ತರುವ ಹಂಗಿಲ್ಲ. ಏಳು ಗಂಟೆಗೆ ಬಾಗಿಲು ಹಾಕಿದರೆ ಹಾಕಿದ ಹಾಗೆ, ಸ್ವಂತ ಓರಗಿತ್ತಿ ಬಂದು ಬಡಿದರೂ ತೆಗೆಯುವುದಿಲ್ಲ. ತಾನಲ್ಲದೆ ಬೇರೆಯವರು ಕಡ್ಡಿ ಮುಟ್ಟುವ ಹಂಗಿಲ್ಲ. ಹಾಲಿನ ಲಾರಿಯಲ್ಲಿ ಕೋಳಿ, ಕುಕ್ಕೆ ಹಿಡಿದುಕೊಂಡು ಹೆಂಗಸರು ಕೆ.ಆರ್. ಪೇಟೆಗೆ ಹೋಗುತ್ತಿದ್ದುದನ್ನೂ ನಿಲ್ಲಿಸಿದಳು. ಕ್ಯಾನು ಗಲೀಜಾಗುತ್ತದೆ, ಲಾರಿಗೆ ಯಾರೂ ಹತ್ತಬಾರದು ಅಂತ ಡ್ರೈವರ್ ಶಿವಣ್ಣನಿಗೆ ತಾಕೀತು ಮಾಡಿದಳು. ಆಗಲೇ ಶುರುವಾಗಿದ್ದು, “ಕರಿಯಯ್ಯ ಸತ್ತಿಲ್ಲ ಕಣ್ರಮ್ಮಿ, ಸೀರೆ ಉಟ್ಕಂಡು ಡೈರೀಲಿ ಕೂತವ್ನೆ” ಅನ್ನುವ ಮಾತು. ಆಮೇಲೆ ದೊಣ್ಣೆನಾಯ್ಕಿ.

ಆ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಚಿಕ್ಕಬೋರಮ್ಮ ಹಾಲು ತಂದಳು. ಡೈರಿಯ ಗೋಡೆಗೆ ಅಂಟಿದ ಮನೆ ಅವಳದು. ಕರೆದ ಕೈ ಒರೆಸಿಕೊಳ್ಳುವಷ್ಟರಲ್ಲಿ ಡೈರಿಯ ಮುಂದೆ ನಿಲ್ಲಬಹುದು. ಹಾಲು ಇನ್ನೂ ಬೆಚ್ಚಗಿತ್ತು, ಮೇಲೆ ನೊರೆ. ಚೆಲುವಮ್ಮ ಕಡ್ಡಿ ಬಿಟ್ಟಳು. ಇಪ್ಪತ್ಮೂರು.

“ಒಯ್ಯಿ ವಾಪ್ಸು.”

“ಯಾಕಕ್ಕ? ಈಗ ಕರ್ದಿದ್ದು. ಇನ್ನೂ ಬಿಸಿ ಐತೆ ನೋಡು!”

“ಬಿಸಿ ನೀರೂ ಬಿಸೀನೇ ಇರ್ತದೆ.”

ಸಾಲಲ್ಲಿದ್ದ ಮೂವತ್ತು ಹೆಂಗಸರೂ ನಕ್ಕರು. ಅಂದಿನಿಂದ ಚಿಕ್ಕಬೋರಮ್ಮ ‘ನೀರ್ಬೋರಿ’ ಆದಳು. ಅವಳು ಮಾತ್ರ ಚೊಂಬು ಎತ್ತಿಕೊಂಡು ಹೋಗುವಾಗ ಬಾಗಿಲಲ್ಲಿ ತಿರುಗಿ, “ನೀನ್ಯಾವ ದೊಣ್ಣೆನಾಯ್ಕಿ ಕಣೆ, ನನ್ನ ಮಾನ ಅಳ್ಯಾಕೆ?” ಅಂದಳು.

ಎರಡು ತಿಂಗಳ ಮೇಲೆ ಬಂದ ಸೂಪರ್‌ವೈಸರು ಚೆಲುವಮ್ಮನ ಕೆಲಸ ನೋಡುತ್ತ ನೋಡುತ್ತ, “ಅಮ್ಮಾ, ಬಿಸಿ ಹಾಲಿಗೆ ಕಡ್ಡಿ ಬಿಡಬೇಡಿ. ಚೆನ್ನಾಗಿರೋ ಹಾಲೂ ನೀರು ಅಂತ ತೋರಿಸುತ್ತೆ. ಕಾಲು ಗಂಟೆ ನಿಲ್ಲಿಸಿ, ಆರಲಿ, ನೊರೆ ಇಳೀಲಿ. ತರಬೇತೀಲಿ ಹೇಳಿದ್ರಲ್ಲ?” ಅಂದ.

ಹೇಳಿದ್ದರೇನೋ. ಅವಳ ಕಿವಿಗೆ ಬಿದ್ದಿರಲಿಲ್ಲ. ಆವತ್ತು ಚೆಲುವಮ್ಮನಿಗೆ ಅನ್ನ ಸೇರಲಿಲ್ಲ. ಸಂಜೆ ಡೈರಿಯಲ್ಲಿ ಕೂತಾಗ ಗೋಡೆಯಾಚೆ ಚಿಕ್ಕಬೋರಮ್ಮ ರಾಗಿ ಬೀಸುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಹೇಳಬೇಕು ಅಂದುಕೊಂಡಳು. ಹೇಳಿದರೆ ಮೂವತ್ತು ಹೆಂಗಸರೂ ‘ಹಂಗಾದ್ರೆ ನಮ್ದು? ಹಂಗಾದ್ರೆ ನಮ್ದು?’ ಅಂತ ಏಳುತ್ತಾರೆ, ಕಡ್ಡಿಯ ಮಾತನ್ನು ಯಾರೂ ನಂಬುವುದಿಲ್ಲ. ಹೇಳಲಿಲ್ಲ. ಮಾರನೇ ದಿನದಿಂದ ಹೊಸ ರೂಲು ಬಂತು. ಯಾರ ಹಾಲೇ ಆಗಲಿ ಕಾಲು ಗಂಟೆ ಜಗಲಿ ಮೇಲೆ ನಿಲ್ಲಬೇಕು. ಯಾಕೆ ಅಂತ ಕೇಳುವ ಹಂಗಿಲ್ಲ.

ಇದನ್ನು ಬೈದಷ್ಟು ಇನ್ನಾವ ರೂಲನ್ನೂ ಊರು ಬೈಯಲಿಲ್ಲ. ಒಲೆ ಮೇಲೆ ಸಾರು, ಗದ್ದೆಗೆ ಆಳು, ಇಸ್ಕೂಲಿಗೆ ಮಕ್ಕಳು, ಇಲ್ಲಿ ಚೊಂಬಿನ ಮುಂದೆ ಸುಮ್ಮನೆ ಕೂತಿರಬೇಕು. “ಹಾಲಿಗೂ ಸುಧಾರಿಸ್ಕೊಳಾಕೆ ಟೈಮ್ ಕೊಟ್ಟವ್ಳೆ, ನಮಗಿಲ್ಲ” ಅಂದರು. ಆದರೆ ಅಂದಿನಿಂದ ಚಿಕ್ಕಬೋರಮ್ಮನ ಹಾಲು ಒಂದು ದಿನವೂ ಇಪ್ಪತ್ತೇಳರಿಂದ ಇಳಿಯಲಿಲ್ಲ. ಊರು ಅದಕ್ಕೂ ಮಾತು ಹೊಂದಿಸಿತು. “ನೋಡ್ದಾ, ದೊಣ್ಣೆನಾಯ್ಕಿ ಒಂದ್ಸಲ ಮುಟ್ಟಿ ನೋಡ್ಕೊಳೋ ಹಂಗೆ ಮಾಡಿದ್ಲು, ನೀರ್ಬೋರಿ ನೆಟ್ಟಗಾದ್ಲು!”

ಆ ಮಾತು ಕೇಳಿದಾಗೆಲ್ಲ ಚೆಲುವಮ್ಮ ತಲೆ ಬಗ್ಗಿಸಿ ಗಾಜಿನ ಲೋಟ ಒರೆಸುತ್ತಿದ್ದಳು.

ಹಾಲಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಬೆಳಿಗ್ಗೆ ಆರು, ಸಂಜೆ ಆರು. ಆರು ವರ್ಷ ಅವಳು ಊರ ಗಡಿ ದಾಟಲಿಲ್ಲ. ರಂಜಿತ ಮೈನೆರೆದಾಗ ಹೋಗಲಿಲ್ಲ. ಬೈರಮ್ಮನ ಮನೆ ಒಕ್ಕಲಿಗೆ ಹೋಗಲಿಲ್ಲ. ‘ಕಡ್ಡಿ ಯಾರ ಕೈಗೆ ಕೊಡ್ಲಿ?’ ಅನ್ನುತ್ತಿದ್ದಳು. ಸಿದ್ದರಾಜು ಒಂದು ಸಲ, “ನಮ್ಮಪ್ಪ ಸತ್ತಾಗ ನೀನು ಬಿಡುಗಡೆ ಆದೆ ಅಂದ್ಕಂಡಿದ್ದೆ ಕಣಮ್ಮಿ” ಅಂದ. ಆಮೇಲೆ ತನ್ನ ಮಾತಿಗೆ ತಾನೇ ಹೆದರಿ ಹಸುವಿಗೆ ಹುಲ್ಲು ಹಾಕಲು ಹೋದ.

ತೊಂಬತ್ತೇಳರ ಮಾಘ ಮಾಸದಲ್ಲಿ ರಂಜಿತಳ ಮದುವೆ ಗೊತ್ತಾಯಿತು. ಅರಕೆರೆಯಲ್ಲೇ, ಹನ್ನೊಂದು ಗಂಟೆಯ ಒಳಗೆ ಧಾರೆ. ಲಗ್ನಪತ್ರಿಕೆಯ ಹಿಂದೆ ಹುಡುಗಿಯ ಕೈಬರಹ ಇತ್ತು. ‘ದೊಡ್ಡವ್ವ, ಧಾರೆಗೆ ಹಾಲು ತರ್ತೀನಿ ಅಂದಿದ್ದೆ ನೀನು. ನೀನು ಬರದಿದ್ರೆ ನಾನು ನಿನ್ನ ಮನೆ ಹೊಸಿಲು ತುಳಿಯಲ್ಲ.’ ಹಾಸ್ಯಕ್ಕೆ ಬರೆದ ಮಾತಲ್ಲ. ಅಕ್ಷರ ಒತ್ತಿ ಒತ್ತಿ ಬರೆದಿತ್ತು. ಚೆಲುವಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮದುವೆಗೆ ಎಂಟು ದಿನ ಇರುವಾಗ ಡೈರಿ ಜಗಲಿಯ ಮೇಲೆ ಮೀಟಿಂಗು ಸೇರಿತು. ಜಯಲಕ್ಷ್ಮಮ್ಮ ನಗುತ್ತ, “ಹೋಗಿ ಬಾರಕ್ಕ, ಬ್ಯಾಡ ಅಂದೋರು ಯಾರು?” ಅಂದಳು.

“ಕಡ್ಡಿ ಹಿಡಿಯೋರು ಯಾರು ಅಂತ ಹೇಳು ಮೊದ್ಲು.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬಳಿಗೆ ಕಣ್ಣು ಮಂಜಂತೆ. ಇನ್ನೊಬ್ಬಳಿಗೆ ನಾದಿನಿಯ ಹಾಲು ತಾನೇ ನೋಡಿದರೆ ಮನೆ ಮುರಿಯುತ್ತದಂತೆ. ಮತ್ತೊಬ್ಬಳು ನೇರವಾಗಿ ಹೇಳಿದಳು: “ಅಯ್ಯೋ ಬುಡಕ್ಕ, ಒಂದಿನ ಹಿಡಿದ್ರೆ ಸಾಯೋಗಂಟ ದೊಣ್ಣೆನಾಯ್ಕಿ ಅನ್ನಿಸ್ಕಬೇಕು. ಆ ಹೆಸ್ರು ನಿನಗೇ ಸರಿ.”

ಜಗಲಿಯೆಲ್ಲ ನಕ್ಕಿತು. ಚೆಲುವಮ್ಮನಿಗೆ ಅಜ್ಜಿಯ ಕತೆ ನೆನಪಾಯಿತು. ಇಷ್ಟು ಜನರನ್ನು ಬೈದು, ಕಾಯಿಸಿ, ಸಾಲು ನಿಲ್ಲಿಸಿ, ತನ್ನ ಸುತ್ತ ತಾನೇ ಒಂದೊಂದು ಕಲ್ಲು ಎತ್ತಿಟ್ಟು ಗೋಡೆ ಕಟ್ಟಿಕೊಂಡಿದ್ದಳು. ಬಾಗಿಲು ಇಡುವುದೇ ಮರೆತಿತ್ತು.

ಆಗ ಹಿಂದಿನಿಂದ ಒಂದು ದನಿ ಬಂತು. “ನಾನ್ ಹಿಡೀತೀನಿ.”

ಚಿಕ್ಕಬೋರಮ್ಮ. ಯಾರೋ, “ನೀರ್ಬೋರಿ ನೀರ್ ನೋಡ್ತಾಳಂತೆ!” ಅಂದರು.

“ಊಂ ಕಣಮ್ಮಿ. ನೀರಿನ ರುಚಿ ಕಂಡೋಳಿಗೇ ನೀರು ಗೊತ್ತಾಗೋದು” ಅಂದಳು ಚಿಕ್ಕಬೋರಮ್ಮ, ಯಾರ ಕಡೆಗೂ ನೋಡದೆ. “ಒಂದ್ ಮಾತು. ಆವತ್ತು ಮೊದ್ಲು ಕಡ್ಡಿ ಬುಡೋದು ದೊಣ್ಣೆನಾಯ್ಕಿ ಹಾಲಿಗೇ. ಎಲ್ಲಾರ ಮುಂದೆ. ಒಪ್ಗೆ ಇದ್ರೆ ಹೇಳ್ಲಿ.”

“ಒಪ್ಗೆ” ಅಂದಳು ಚೆಲುವಮ್ಮ. ಬೇರೆ ಏನು ಹೇಳಬಹುದಿತ್ತು? ತನ್ನ ಹಾಲಿನ ಮೇಲೆ ಅವಳಿಗೆ ನಂಬಿಕೆ ಇತ್ತು. ಆವತ್ತು ಐದಕ್ಕೇ ಎದ್ದು ಕರೆದು ಆರಿಸಿಟ್ಟರೆ ಆಯಿತು. ಎಂಟು ದಿನವೂ ಸಂಜೆ ಚಿಕ್ಕಬೋರಮ್ಮನಿಗೆ ಕಡ್ಡಿ ಬಿಡುವುದು, ಗೆರೆ ಓದುವುದು ಕಲಿಸಿದಳು. ಇಬ್ಬರೂ ಗೆರೆಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಕಾಲು ಗಂಟೆ ಯಾಕೆ ಅಂತ ಅವಳು ಕೇಳಲಿಲ್ಲ, ಇವಳು ಹೇಳಲಿಲ್ಲ. ಹೇಳಬೇಕೆಂದು ಬಾಯಿ ತನಕ ಬಂದದ್ದು ಎಂಟು ಸಂಜೆ, ನುಂಗಿದ್ದೂ ಎಂಟು ಸಂಜೆ.

ಮದುವೆಯ ದಿನ ಹಸು ಕೈ ಕೊಟ್ಟಿತು. ಸಿದ್ದರಾಜು ಮದುವೆಯ ಸಡಗರದಲ್ಲಿ ಕರುವನ್ನು ಸರಿಯಾಗಿ ಕಟ್ಟಿರಲಿಲ್ಲ. ಅದು ಹಗ್ಗ ಬಿಚ್ಚಿಕೊಂಡು ಕುಡಿದು, ಐದು ಗಂಟೆಗೆ ನೋಡಿದರೆ ಕೆಚ್ಚಲು ಬತ್ತಿದ ಚೀಲ. ಮೈ ಸವರಿ, ಹಿಂಡಿ ಇಟ್ಟು, ಬೇಡಿಕೊಂಡು, ಹಸು ಸೊರೆ ಬಿಟ್ಟು ಹಾಲಿಳಿಸುವಷ್ಟರಲ್ಲಿ ಆರೂಕಾಲು. ಮಿಕ್ಕ ಹಾಲು ಒಂದು ಚೊಂಬು ತುಂಬಿತು; ಡೈರಿಯಲ್ಲಿ ತೋರಿಸಿ ಅದನ್ನೇ ಧಾರೆಗೂ ಒಯ್ಯಬೇಕು. ಹೊಸ ಸೀರೆ ಉಟ್ಟು, ನೊರೆ ಹಾಲಿನ ಚೊಂಬು ಹಿಡಿದು ಚೆಲುವಮ್ಮ ಡೈರಿಗೆ ಓಡಿದಳು. ಆರೂಮುಕ್ಕಾಲಿಗೆ ಬಸ್ಸು. ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಹಾದು ಅರಕೆರೆಗೆ ಹನ್ನೊಂದರೊಳಗೆ ತಲುಪಿಸುವ ದಾರಿಗೆ ಅದೊಂದೇ ಬಸ್ಸು. ಸಿದ್ದರಾಜು ಚೀಲ ಹಿಡಿದು ಅರಳಿಕಟ್ಟೆ ಹತ್ತಿರ ನಿಂತಿದ್ದ.

ಡೈರಿಯಲ್ಲಿ ಸಾಲು ನಿಂತಿತ್ತು. ಚಿಕ್ಕಬೋರಮ್ಮ ಮೇಜಿನ ಹಿಂದೆ, ತಲೆ ಬಾಚಿ, ಹೂ ಮುಡಿದು, ಒಳ್ಳೇ ಮದುವಣಗಿತ್ತಿಯ ಹಾಗೆ.

“ತಗೊ, ಬಂದ್ಲು” ಅಂದರು ಯಾರೋ.

ಚೆಲುವಮ್ಮ ಚೊಂಬನ್ನು ಜಗಲಿಯ ಮೇಲಿಡಲು ಹೋದಳು. ಚಿಕ್ಕಬೋರಮ್ಮ ಕೈ ಚಾಚಿದಳು. “ಅಲ್ಲಿ ಯಾಕೆ ಇಡ್ತೀಯೆ? ಬಸ್ಸು ಬರೋ ಹೊತ್ತು. ನಿನ್ ಹೆಣ್ಣಿನ ಮದ್ವೆಗೂ ಕಾಲು ಗಂಟೆ ಅಂತ ಕೂರ್ತೀಯಾ? ತಾ ಇಲ್ಲಿ, ಇದೊಂದಿನ ಮಾಪು.”

ಅವಳ ದನಿಯಲ್ಲಿ ಕುಹಕ ಇರಲಿಲ್ಲ. ಅದೇ ಕಷ್ಟವಾಯಿತು. ಚೆಲುವಮ್ಮ “ತಡಿ” ಅನ್ನುವಷ್ಟರಲ್ಲಿ ಹಾಲು ಲೋಟಕ್ಕೆ ಬಿದ್ದಿತ್ತು. ಕಡ್ಡಿ ಇಳಿಯಿತು. ಇನ್ನೂ ಇಳಿಯಿತು. ನಿಂತಿತು.

ಚಿಕ್ಕಬೋರಮ್ಮ ಬಗ್ಗಿ ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. “ಇಪ್ಪತ್ಮೂರು” ಅಂದಳು, ಮೆಲ್ಲಗೆ.

ಸಾಲು ಒಡೆದ ನಾಲೆಯ ಹಾಗೆ ನುಗ್ಗಿತು. “ಅವ್ವಯ್ಯ! ದೊಣ್ಣೆನಾಯ್ಕಿ ಹಾಲೇ ನೀರು!” “ಮದ್ವೆಗೆ ಒಯ್ಯೋ ಹಾಲಿಗೂ ಹಾಕವ್ಳಲ್ಲೇ!” “ಆರು ವರ್ಸ ನಮ್ಮನ್ನ ಅಳೆದೋಳ ಹಾಲು ಅಳೆಯೋರು ಇರ್ಲಿಲ್ಲ ಕಣ್ರಮ್ಮಿ!”

ಅದೇ ಹೊತ್ತಿಗೆ ಊರಾಚೆ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿತು.

ಹೊರಟು ಬಿಡಬಹುದಿತ್ತು. ಚೊಂಬು ಎತ್ತಿಕೊಂಡು ಹತ್ತು ಹೆಜ್ಜೆ ಓಡಿದರೆ ಬಸ್ಸು, ಬಸ್ಸಿನ ಆ ಕೊನೆಗೆ ರಂಜಿತ. ಆದರೆ ಹಾಗೆ ಹೋದರೆ ಅವಳ ಬೆನ್ನ ಹಿಂದೆ ಮೂವತ್ತು ಬಾಯಿ. ನಿಂತು ಅದೇ ಹಾಲನ್ನು ಆರಿಸಿ ಮತ್ತೆ ಅಳೆದು ತೋರಿಸಬೇಕು ಅಂದರೆ ಕಾಲು ಗಂಟೆ. ಬಸ್ಸಿಗೆ ಕಾಲು ಗಂಟೆ ಇರಲಿಲ್ಲ. ತೋರಿಸಬೇಕು ಅಂದರೆ ಇನ್ನೊಂದನ್ನೂ ಹೇಳಬೇಕು. ಒಂದು ಕಾಲು ನೀರಲ್ಲಿ, ಒಂದು ಕಾಲು ಮಳಲಲ್ಲಿ.

ಅರಳಿಕಟ್ಟೆಯಿಂದ ಸಿದ್ದರಾಜು ಕೂಗಿದ, “ಏ ಚೆಲುವೀ! ಬಂತು ಕಣಮ್ಮೀ, ಬಾ!”

ಚೆಲುವಮ್ಮ ಚಿಕ್ಕಬೋರಮ್ಮನ ಮುಖ ನೋಡಿದಳು. ಸಾಲೆಲ್ಲ ನಗುತ್ತಿತ್ತು, ಅವಳೊಬ್ಬಳು ನಗುತ್ತಿರಲಿಲ್ಲ. ಕಡ್ಡಿಯನ್ನು ನೋಡುತ್ತಿದ್ದಳು, ಚೊಂಬನ್ನು ಮುಟ್ಟಿ ನೋಡುತ್ತಿದ್ದಳು. ಚೊಂಬು ಬೆಚ್ಚಗಿತ್ತು.

“ಈ ಹಾಲಲ್ಲಿ ನೀರಿಲ್ಲ” ಅಂದಳು ಚೆಲುವಮ್ಮ. “ಬಿಸಿ ಹಾಲು. ಬಿಸಿ ಹಾಲಲ್ಲಿ ಕಡ್ಡಿ ಸುಳ್ಳು ಹೇಳ್ತದೆ. ಅದಕ್ಕೇ ಕಾಲು ಗಂಟೆ. ಇಡು ಜಗಲಿ ಮ್ಯಾಲೆ. ಕಾಲು ಗಂಟೆ ಬುಟ್ಟು ನೋಡಿ ಎಲ್ಲಾರೂ.” ಚಿಕ್ಕಬೋರಮ್ಮನ ಕಡೆ ತಿರುಗಿದಳು. “ಆವತ್ತು ನಿಂದೂ ಬಿಸಿ ಹಾಲೇ ಚಿಕ್ಕಬೋರಿ. ನಂಗೆ ಗೊತ್ತಿರ್ಲಿಲ್ಲ. ಎರಡು ತಿಂಗ್ಳಿಗೆ ಗೊತ್ತಾಯ್ತು. ಹೇಳ್ಲಿಲ್ಲ.”

ಬಸ್ಸು ಅರಳಿಕಟ್ಟೆ ಹತ್ತಿರ ನಿಂತಿತು. ಎರಡು ಸಲ ಹಾರನ್ನು ಹೊಡೆಯಿತು. ಸಿದ್ದರಾಜು ಡ್ರೈವರಿಗೆ ಕೈ ಮುಗಿಯುತ್ತಿದ್ದುದು ಇಲ್ಲಿಗೆ ಕಾಣುತ್ತಿತ್ತು. ಆಮೇಲೆ ಬಸ್ಸು ಹೊರಟಿತು. ಅದರ ಧೂಳು ಡೈರಿಯ ತನಕ ಬಂತು.

ಮೂವತ್ತು ಹೆಂಗಸರು ಒಂದು ಚೊಂಬು ಹಾಲಿನ ಸುತ್ತ ಕಾಲು ಗಂಟೆ ಕೂತರು. ಚೆಲುವಮ್ಮ ಜಗಲಿಯ ಮೇಲೆ, ಹಾಲು ತಂದವರು ಕೂರುವ ಜಾಗದಲ್ಲಿ ಕೂತಿದ್ದಳು. ಆರು ವರ್ಷದಲ್ಲಿ ಅಲ್ಲಿ ಕೂತದ್ದು ಅದೇ ಮೊದಲು. ಕಾಲು ಗಂಟೆ ಇಷ್ಟು ಉದ್ದ ಅಂತ ಅವಳಿಗೆ ಗೊತ್ತಿರಲಿಲ್ಲ.

ನೊರೆ ಇಳಿಯಿತು. ಚಿಕ್ಕಬೋರಮ್ಮ ಹಾಲು ಹುಯ್ದು ಕಡ್ಡಿ ಬಿಟ್ಟಳು. ಜಯಲಕ್ಷ್ಮಮ್ಮ ಬಗ್ಗಿ ಓದಿದಳು. “ಇಪ್ಪತ್ತೇಳು.”

ಚಿಕ್ಕಬೋರಮ್ಮ ಕಡ್ಡಿ ಎತ್ತಿ ಒರೆಸಿದಳು. “ನಮ್ಮತ್ತೆ ಸಾಯೋಗಂಟ ನನ್ನ ಕೈಲಿ ಹಾಲು ಈಸ್ಕಳ್ಳಿಲ್ಲ ಕಣೆ” ಅಂದಳು. “ಬಾಯಿಗೆ ಕೊನೇ ಗುಟುಕು ಹುಯ್ಯಕ್ಕೆ ಹೋದೆ. ಮುಖ ತಿರುಗಿಸ್ಕಂಡ್ಲು. ‘ನೀರು’ ಅಂದ್ಲು.”

ಸಾಲಲ್ಲಿ ‘ಹಂಗಾದ್ರೆ ನಮ್ದು?’ ಅನ್ನುವವರು ಶುರುಮಾಡಿದರು. ಒಬ್ಬಳು ತನ್ನ ಹಾಲು ವಾಪಸಾದ ದಿನವನ್ನು, ಇನ್ನೊಬ್ಬಳು ಅದರ ಹಿಂದಿನ ದಿನವನ್ನು ಎಳೆದು ತಂದರು. ಹೆದರಿದ್ದು ನಿಜವಾಯಿತು.

ಚಿಕ್ಕಬೋರಮ್ಮ ಅಂಗೈಯಿಂದ ಮೇಜು ಗುದ್ದಿದಳು. “ಬಾಯ್ ಮುಚ್ರೇ! ತಪ್ಪು ಮಾಡಿದ್ದು ನಂಗೆ. ನಿಮ್ದೆಲ್ಲ ಆಮೇಲೆ ನೋಡಾನ. ಸಾಲು ನಿಲ್ಲಿ!”

ಸಾಲು ನಿಂತಿತು.

ಏಳೂವರೆಗೆ ಹಾಲಿನ ಲಾರಿ ಬಂತು. ಕ್ಯಾನುಗಳು ಹತ್ತಿದವು. ಚೆಲುವಮ್ಮ ಚೊಂಬು ಹಿಡಿದು ಎದ್ದು ನಿಂತಿದ್ದಳು, ಎಲ್ಲಿಗೆ ಅಂತ ಗೊತ್ತಿಲ್ಲದೆ. ಸಿದ್ದರಾಜು ಚೀಲ ಹೊತ್ತುಕೊಂಡು ಬಂದು, “ಶಿವಣ್ಣ, ಕೆ.ಆರ್. ಪೇಟೆಗಂಟ ಬುಟ್ಬುಡಪ್ಪ. ಅಲ್ಲಿಂದ ಬಸ್ಸು ಸಿಕ್ತವೆ” ಅಂದ.

ಶಿವಣ್ಣ ತಲೆ ಕೆರೆದುಕೊಂಡ. “ಲಾರೀಗೆ ಯಾರೂ ಹತ್ತಂಗಿಲ್ಲ ಅಂತ ಚೆಲುವಕ್ಕಾನೇ ರೂಲ್ಸು ಮಾಡವ್ಳಲ್ಲ ಸಿದ್ರಾಜಣ್ಣ. ಹೋದ ತಿಂಗ್ಳು ನಮ್ಮವ್ವನ್ನೇ ಇಳಿಸಿದ್ಲು. ಈಗ ಅವ್ಳೇ ಹತ್ತಿದ್ರೆ ನಾಳಿಕೆ ನಾನ್ ಯಾರಿಗೆ ಏನ್ ಹೇಳ್ಲಿ?”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಚೆಲುವಮ್ಮ “ನೀನು ಹೋಗಪ್ಪ” ಅಂದಳು.

“ಹತ್ತಿಸ್ಕೊಳೋ” ಅಂದಳು ಚಿಕ್ಕಬೋರಮ್ಮ ಒಳಗಿಂದ.

“ಹೇಳಾಕೆ ನೀನ್ಯಾವ ದೊಣ್ಣೆನಾಯ್ಕಿ ಅಕ್ಕ?”

“ಇವತ್ತು ನಾನೇ ಕಣ್ಲಾ.” ಕಡ್ಡಿ ಹಿಡಿದುಕೊಂಡೇ ಹೊರಗೆ ಬಂದಳು. “ನಾನೇ ದೊಣ್ಣೆನಾಯ್ಕಿ. ಹತ್ತಿಸ್ಕೊ. ಗಂಡ ಹೆಂಡ್ರು ಇಬ್ರನ್ನೂ.” ಆಮೇಲೆ ಚೆಲುವಮ್ಮನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟು ಹಾಗೇ ಇತ್ತು, ಒಂದು ಕೂದಲಷ್ಟೂ ಇಳಿದಿರಲಿಲ್ಲ. “ನೀನಿನ್ನೂ ಯಾರ ಅಪ್ಪಣೆಗೆ ಕಾಯ್ತಿದ್ದೀಯೆ? ಹೋಗು. ನಾನು ಹೇಳ್ತಿದೀನಿ, ಹೋಗು. ಸಂಜೆ ಹಾಲೂ ನಾನೇ, ನಾಳೆದೂ ನಾನೇ. ಮೂರು ದಿನದ ಒಳಗೆ ಈ ಕಡೆ ಬಂದ್ರೆ ಒಳಗೆ ಬುಡಾಕಿಲ್ಲ. ಬಂದ್ ಮ್ಯಾಲೆ ನಿನ್ನನ್ನ ಕೇಳೋದೈತೆ.”

ಲಾರಿ ಹೊರಟಿತು. ಕ್ಯಾನುಗಳ ನಡುವೆ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂತ ಚೆಲುವಮ್ಮ ಶೀಳನೆರೆ ದಾಟುವಷ್ಟರಲ್ಲಿ ಅದರ ಬಾಯಿಗೆ ಬಟ್ಟೆ ಕಟ್ಟಿದಳು.

ಅರಕೆರೆ ತಲುಪಿದಾಗ ಹನ್ನೊಂದು ದಾಟಿತ್ತು. ಚಪ್ಪರದಡಿ ತಾಳಿ ಕಟ್ಟಿ ಆಗಿತ್ತು. ಆದರೆ ಬಂಧುಗಳ ಧಾರೆ ಇನ್ನೂ ನಡೆಯುತ್ತಿತ್ತು. ಊರೇ ಸಾಲು ನಿಂತಿತ್ತು. ಚೆಲುವಮ್ಮ ಮುಂದಕ್ಕೆ ನುಗ್ಗಲು ಹೋದಾಗ ಪೇಟ ಕಟ್ಟಿದ ಒಬ್ಬ ಮುದುಕ ಕೋಲು ಅಡ್ಡ ಹಿಡಿದು, “ಸಾಲಲ್ಲಿ ಬಾರವ್ವ!” ಅಂದ. ಅವಳು ಹಿಂದಕ್ಕೆ ಹೋಗಿ ಕೊನೆಯವಳಾಗಿ ನಿಂತಳು.

ಸಾಲು ಸರಿಯುತ್ತಿದ್ದಂತೆ ಚೊಂಬಿನ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಳು. ಸಣ್ಣಗೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಾಲು ತಿರುಗಲು ಶುರುವಾಗಿತ್ತು. ಬೇರೆಯವರಿಗೆ ಗೊತ್ತಾಗದಷ್ಟು, ಅವಳಿಗೆ ಗೊತ್ತಾಗುವಷ್ಟು. ಡೈರಿಯಲ್ಲಾಗಿದ್ದರೆ ಯಾರ ಮನೆಯದೇ ಆದರೂ ವಾಪಸು ಕಳಿಸುವ ಹಾಲು. ಪಕ್ಕದಲ್ಲಿ ಮದುವೆ ಮನೆಯ ಹಾಲು ತಪ್ಪಲೆಯಲ್ಲಿತ್ತು, ಒಂದು ಲೋಟ ಮೊಗೆದುಕೊಳ್ಳಬಹುದಿತ್ತು. ಕೈ ಆ ಕಡೆ ಹೋಗಿ ನಿಂತಿತು.

ರಂಜಿತ ತಲೆಯೆತ್ತಿದಳು. ಬಾಸಿಂಗದ ಕೆಳಗೆ ಕಣ್ಣು ತುಂಬಿತು. “ದೊಡ್ಡವ್ವ, ನಮ್ಮ ಹಸಿಂದಾ?”

“ನಮ್ದೇ ಕಣವ್ವ.”

ಹುಯ್ದಳು. ಕೂಡಿಸಿದ ಕೈಗಳ ಮೇಲಿನ ತೆಂಗಿನಕಾಯಿ ತೋಯಿಸಿ ಹಾಲು ಕೆಳಗಿಳಿಯಿತು. ಆ ಹಾಲನ್ನು ಯಾರೂ ಅಳೆಯಲಿಲ್ಲ.

ಸಂಜೆ ಬೈರಮ್ಮ ಅಕ್ಕನನ್ನು ಹುಡುಕುತ್ತ ಹಿತ್ತಿಲಿಗೆ ಬಂದಳು. ಚೆಲುವಮ್ಮ ನಾಲೆಯ ಕಡೆ ಮುಖ ಮಾಡಿ ಒಬ್ಬಳೇ ನಿಂತಿದ್ದಳು.

“ಇಲ್ಯಾಕೆ ನಿಂತಿದ್ದೀಯಕ್ಕ? ಒಳೀಕೆ ಬಾ, ಎಲ್ಲಾರೂ ಕೇಳ್ತಾವ್ರೆ.”

“ಟೈಮ್ ಎಷ್ಟಾಯ್ತು ಬೈರಿ?”

“ಆರು. ಯಾಕೆ?”

“ಏನಿಲ್ಲ” ಅಂದಳು ಚೆಲುವಮ್ಮ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಗಾಳಿಯಲ್ಲಿ ಏನನ್ನೋ ಹಿಡಿದು ಮೆಲ್ಲಗೆ ಕೆಳಗೆ ಬಿಟ್ಟಂತೆ ಆಡುತ್ತಿದ್ದವು. ಅದನ್ನು ನೋಡಿಕೊಂಡು ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು. ಚಿಕ್ಕಬೋರಿ ಈಗ ಕಡ್ಡಿ ಬಿಡುತ್ತಿರುತ್ತಾಳೆ. ಇನ್ನೂ ಮೂರು ದಿನ. ಆಮೇಲೆ ಅವಳ ಮುಂದೆ ಹೋಗಿ ನಿಲ್ಲಬೇಕು.

“ಬತ್ತೀನಿ, ನಡಿ” ಅಂದಳು. ಆದರೂ ಇನ್ನೊಂದು ಗಳಿಗೆ ಅಲ್ಲೇ ನಿಂತಿದ್ದಳು.